ಪ್ರಾಸ್ಟೇಟ್ ದೊಡ್ಡದಾಗಿದ್ದರೆ ಎಂಆರ್‌ಐ: ಯಾವಾಗ ಬೇಕು, ಹೇಗೆ ಸಿದ್ಧರಾಗಬೇಕು, ವರದಿಯಲ್ಲಿ ಏನು ನೋಡಬೇಕು

ಅರುವತ್ತು ದಾಟಿದ ಗಂಡಸು ರಾತ್ರಿ ಮೂರು ನಾಲ್ಕು ಸಲ ಎದ್ದು ಮೂತ್ರಕ್ಕೆ ಹೋಗುತ್ತಿದ್ದರೆ ಯಾರಾದರೂ ಅಲ್ಟ್ರಾಸೌಂಡ್ ಮಾಡಿಸಲು ಹೇಳುತ್ತಾರೆ. ‘ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ ಗ್ರಂಥಿ) ದೊಡ್ಡದಾಗಿದೆ’ ಎಂಬ ಸಾಲು ವರದಿಯಲ್ಲಿ ಬರುತ್ತದೆ. ಆ ವಯಸ್ಸಿನಲ್ಲಿ ಅದು ಬರದಿದ್ದರೇ ವಿಶೇಷ. ಅಲ್ಲಿಗೆ ಮನೆಯವರ ಆತಂಕ ಶುರು: “ಒಂದು ಎಂಆರ್‌ಐ ಮಾಡಿಸಿಬಿಡಿ, ಎಲ್ಲ ಗೊತ್ತಾಗುತ್ತದೆ.”

ಎಲ್ಲ ಗೊತ್ತಾಗುವುದಿಲ್ಲ. ಪ್ರಾಸ್ಟೇಟಿನ ಗಾತ್ರ, ಆಕಾರ, ಒಳಗಿನ ಗಂಟುಗಳು, ಸಂಶಯದ ಜಾಗ ಇವನ್ನೆಲ್ಲ ಎಂಆರ್‌ಐನಷ್ಟು ಸ್ಪಷ್ಟವಾಗಿ ಬೇರೆ ಯಾವ ಸ್ಕ್ಯಾನೂ ತೋರಿಸುವುದಿಲ್ಲ, ನಿಜ. ಆದರೆ ಮೂತ್ರ ಎಷ್ಟು ವೇಗವಾಗಿ ಹರಿಯುತ್ತಿದೆ, ಮೂತ್ರಕೋಶ ಎಷ್ಟು ತಿಣುಕುತ್ತಿದೆ, ನಿಮಗೆ ನಿದ್ದೆ ಏಕೆ ಕೆಡುತ್ತಿದೆ ಎಂಬುದು ಆ ಚಿತ್ರದಲ್ಲಿ ಇರುವುದಿಲ್ಲ. 90 ಮಿ.ಲೀ. ಪ್ರಾಸ್ಟೇಟ್ ಇಟ್ಟುಕೊಂಡು ಆರಾಮವಾಗಿರುವವರಿದ್ದಾರೆ, 30 ಮಿ.ಲೀ. ಗ್ರಂಥಿ ಇದ್ದು ಹನಿ ಹನಿಗೆ ಪರದಾಡುವವರೂ ಇದ್ದಾರೆ. ಆದ್ದರಿಂದ ಸ್ಕ್ಯಾನಿಗೆ ದಿನ ಗೊತ್ತುಮಾಡುವ ಮೊದಲು ಒಂದು ವಿಷಯ ಖಚಿತವಾಗಬೇಕು: ಯಾವ ಪ್ರಶ್ನೆಗೆ ಉತ್ತರ ಬೇಕೆಂದು ಅದನ್ನು ಮಾಡಿಸುತ್ತಿದ್ದೇವೆ? ಈ ಲೇಖನದ ಹಂತಗಳೆಲ್ಲ ಆ ಪ್ರಶ್ನೆಯ ಸುತ್ತಲೇ ಇವೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಮುಂದೆ ಕೂತಾಗ ಏನು ಕೇಳಬೇಕೆಂದು ಗೊತ್ತಿರಲಿ ಎಂದು ಬರೆದದ್ದು.

ಮೊದಲೇ ಒಂದು ಎಚ್ಚರಿಕೆ. ಮೂತ್ರ ಪೂರ್ತಿ ಕಟ್ಟಿಕೊಂಡು ಹೊಟ್ಟೆಯ ಕೆಳಭಾಗ ಉಬ್ಬಿ ನೋಯುತ್ತಿದ್ದರೆ, ಚಳಿ ಜ್ವರದ ಜೊತೆ ಮೂತ್ರದ ಉರಿ ಇದ್ದರೆ, ಮೂತ್ರದಲ್ಲಿ ರಕ್ತದ ಗಡ್ಡೆಗಳು ಬರುತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ, ತುರ್ತು ವಿಭಾಗಕ್ಕೆ ಹೋಗಿ. ಮೂತ್ರ ಕಟ್ಟುವುದರ ಜೊತೆಗೆ ತೊಡೆಗಳ ನಡುವೆ ಮರಗಟ್ಟಿದಂತಾಗಿ ಕಾಲುಗಳ ಶಕ್ತಿಯೂ ಕುಂದಿದ್ದರೆ ತಪ್ಪು ಬೆನ್ನುಹುರಿಯ ಕೆಳಗಿನ ನರಗಳದ್ದಾಗಿರಬಹುದು. ಅಲ್ಲಿ ತಕ್ಷಣ ಬೇಕಾಗುವುದು ಬೆನ್ನಿನ ಎಂಆರ್‌ಐ, ಪ್ರಾಸ್ಟೇಟಿನದ್ದಲ್ಲ.

ಹಂತ 1: ತೊಂದರೆಯನ್ನು ಅಂಕಿಗಳಲ್ಲಿ ಬರೆಯಿರಿ

“ಮೂತ್ರ ಸರಿಯಾಗಿ ಆಗುತ್ತಿಲ್ಲ” ಎಂದರೆ ವೈದ್ಯರಿಗೆ ಅರ್ಧ ಮಾತ್ರ ತಿಳಿಯುತ್ತದೆ. ಐಪಿಎಸ್‌ಎಸ್ ಎಂಬ ಪ್ರಶ್ನಾವಳಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕಳೆದ ಒಂದು ತಿಂಗಳನ್ನು ನೆನಪಿಸಿಕೊಂಡು ಏಳು ಪ್ರಶ್ನೆಗಳಿಗೆ ಉತ್ತರಿಸಬೇಕು: ಪೂರ್ತಿ ಖಾಲಿಯಾಗದ ಭಾವನೆ, ಎರಡು ಗಂಟೆಯೊಳಗೆ ಮತ್ತೆ ಹೋಗಬೇಕಾಗುವುದು, ನಿಂತು ನಿಂತು ಬರುವುದು, ತಡೆಯಲಾಗದ ಅವಸರ, ಧಾರೆ ಸಣ್ಣಗಾಗುವುದು, ಮುಕ್ಕಿ ತಿಣುಕಬೇಕಾಗುವುದು, ರಾತ್ರಿ ಏಳುವುದು. ಪ್ರತಿಯೊಂದಕ್ಕೂ 0ರಿಂದ 5 ಅಂಕ, ಒಟ್ಟು 35. ಏಳರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20ರಿಂದ ಮೇಲೆ ತೀವ್ರ. ಹೀಗೇ ಇನ್ನು ಮುಂದೆಯೂ ಬದುಕಬೇಕಾದರೆ ನಿಮಗೆ ಹೇಗನಿಸುತ್ತದೆ ಎಂಬ ಎಂಟನೆಯ ಪ್ರಶ್ನೆಯೂ ಇದೆ. ನನ್ನ ಮಟ್ಟಿಗೆ ಮೊದಲ ಏಳಕ್ಕಿಂತ ಅದೇ ಮುಖ್ಯ. ಚಿಕಿತ್ಸೆ ಬೇಕೇ ಬೇಡವೇ ಎಂಬುದು ಬಹುಪಾಲು ಆ ಉತ್ತರದ ಮೇಲೆ ನಿಂತಿರುತ್ತದೆ.

ಅದಕ್ಕಿಂತಲೂ ಉಪಯುಕ್ತವಾದ, ಆದರೆ ಹೆಚ್ಚಿನವರು ಉದಾಸೀನ ಮಾಡುವ ಸಾಧನ ಮೂರು ದಿನಗಳ ಮೂತ್ರದ ದಿನಚರಿ. ಅಳತೆಯ ಗುರುತುಗಳಿರುವ ಒಂದು ಪ್ಲಾಸ್ಟಿಕ್ ಜಗ್ ಸಾಕು. ಪ್ರತಿ ಸಲ ಎಷ್ಟು ಗಂಟೆಗೆ, ಎಷ್ಟು ಮಿ.ಲೀ. ಎಂದು ಬರೆಯಿರಿ, ಕುಡಿದದ್ದನ್ನೂ ಬರೆಯಿರಿ.

ಇದು ಎಷ್ಟು ಕೆಲಸಕ್ಕೆ ಬರುತ್ತದೆ ನೋಡಿ. ಒಬ್ಬರು ದಿನಕ್ಕೆ ಒಟ್ಟು 2,000 ಮಿ.ಲೀ. ಮೂತ್ರ ಮಾಡುತ್ತಾರೆ ಎನ್ನಿ. ಮಲಗಿದ ಮೇಲೆ ಮೂರು ಸಲ ಎದ್ದು 220, 240, 200 ಮಿ.ಲೀ.; ಬೆಳಿಗ್ಗೆ ಎದ್ದೊಡನೆ 240. ರಾತ್ರಿಯ ಪಾಲು 900 ಮಿ.ಲೀ., ಅಂದರೆ ಒಟ್ಟಿನ ನೂರಕ್ಕೆ 45. ವಯಸ್ಸಾದವರಲ್ಲಿ ಈ ಪಾಲು ಮೂರನೇ ಒಂದಕ್ಕಿಂತ ಹೆಚ್ಚಿದ್ದರೆ ದೇಹ ರಾತ್ರಿ ಹೊತ್ತು ಮೂತ್ರವನ್ನೇ ಹೆಚ್ಚು ತಯಾರಿಸುತ್ತಿದೆ ಎಂದರ್ಥ. ಕಾಲಿನ ಊತ, ಹೃದಯದ ದೌರ್ಬಲ್ಯ, ಗೊರಕೆಯ ನಡುವೆ ಉಸಿರು ನಿಲ್ಲುವ ನಿದ್ರಾ ತೊಂದರೆ, ಸಂಜೆ ನುಂಗುವ ನೀರಿಳಿಸುವ ಮಾತ್ರೆ ಹೀಗೆ ಕಾರಣ ಬೇರೆ ಕಡೆ ಇರುತ್ತದೆ. ಇವರ ಪ್ರಾಸ್ಟೇಟ್ 60 ಮಿ.ಲೀ. ಇದ್ದರೂ ರಾತ್ರಿ ಏಳಿಸುತ್ತಿರುವುದು ಅದಲ್ಲ. ಎಂಆರ್‌ಐ ಮಾಡಿದರೆ ದೊಡ್ಡ ಪ್ರಾಸ್ಟೇಟ್ ಕಾಣುತ್ತದೆ, ಎಲ್ಲರೂ ಅದನ್ನೇ ಹಿಡಿದುಕೊಳ್ಳುತ್ತಾರೆ, ನಿದ್ದೆ ಮಾತ್ರ ಕೆಡುತ್ತಲೇ ಇರುತ್ತದೆ. ಅದೇ ಇನ್ನೊಬ್ಬರು ರಾತ್ರಿ ನಾಲ್ಕು ಸಲ ಎದ್ದರೂ ಪ್ರತಿ ಸಲ 60–80 ಮಿ.ಲೀ. ಮಾತ್ರ ಎಂದಾದರೆ ಮೂತ್ರಕೋಶ ಹಿಡಿದಿಟ್ಟುಕೊಳ್ಳುತ್ತಿಲ್ಲ ಅಥವಾ ಖಾಲಿಯಾಗುತ್ತಿಲ್ಲ. ಅಲ್ಲಿ ಪ್ರಾಸ್ಟೇಟಿನ ಕಡೆ ನೋಡುವುದು ಸರಿ.

ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿಯನ್ನೂ ಅದೇ ಹಾಳೆಯ ಹಿಂದೆ ಬರೆಯಿರಿ. ಶೀತ, ಮೂಗು ಕಟ್ಟುವಿಕೆಗೆ ಕೊಡುವ ಕೆಲವು ಮಾತ್ರೆಗಳು, ಅಲರ್ಜಿಯ ಹಳೆಯ ಬಗೆಯ ಮಾತ್ರೆಗಳು ಮೂತ್ರ ಕಟ್ಟಿಸುತ್ತವೆ. ಎಂಆರ್‌ಐ ಅದನ್ನು ಹೇಳುವುದಿಲ್ಲ.

ಹಂತ 2: ಚಿಕ್ಕ ಪರೀಕ್ಷೆಗಳು ಮುಗಿದಿವೆಯೇ ನೋಡಿ

ಮೂತ್ರ ಪರೀಕ್ಷೆ, ಬೆರಳಿನಿಂದ ಗುದದ್ವಾರದ ಮೂಲಕ ಪ್ರಾಸ್ಟೇಟ್ ಮುಟ್ಟಿ ನೋಡುವ ಪರೀಕ್ಷೆ, ಪ್ರಾಸ್ಟೇಟಿನ ಒಂದು ಪ್ರೋಟೀನನ್ನು ಅಳೆಯುವ, ಏರಿದರೆ ಕ್ಯಾನ್ಸರಿನ ಸಂಶಯ ತರುವ ಪಿಎಸ್‌ಎ ರಕ್ತಪರೀಕ್ಷೆ, ಮೂತ್ರ ಮಾಡಿದ ಮೇಲೆ ಎಷ್ಟು ಉಳಿದಿದೆ ಎಂದು ತೋರಿಸುವ ಅಲ್ಟ್ರಾಸೌಂಡ್, ಧಾರೆಯ ವೇಗ ಅಳೆಯುವ ಯೂರೋಫ್ಲೋಮೆಟ್ರಿ. ಬಹುತೇಕ ಜನರಿಗೆ ಇಷ್ಟರಲ್ಲೇ ದಾರಿ ಕಾಣುತ್ತದೆ. ಬೆರಳಿನ ಪರೀಕ್ಷೆಗೆ ಸಂಕೋಚಪಟ್ಟು “ನೇರ ಎಂಆರ್‌ಐ ಬರೆದುಕೊಡಿ” ಎನ್ನುವವರಿದ್ದಾರೆ; ಒಂದು ನಿಮಿಷದ ಮುಜುಗರ ತಪ್ಪಿಸಲು ಅರ್ಧ ಗಂಟೆ ಕೊಳವೆಯೊಳಗೆ ಮಲಗುವ ವ್ಯವಹಾರ ಅದು.

ಯೂರೋಫ್ಲೋಮೆಟ್ರಿಗೆ ಹೋಗುವಾಗ ಮೂತ್ರಕೋಶ ತುಂಬಿರಬೇಕು. ಕನಿಷ್ಠ 150 ಮಿ.ಲೀ. ಹೊರಬರದಿದ್ದರೆ ಆ ಲೆಕ್ಕವನ್ನು ನಂಬುವಂತಿಲ್ಲ. ಗರಿಷ್ಠ ವೇಗ ಸೆಕೆಂಡಿಗೆ 10 ಮಿ.ಲೀ.ಗಿಂತ ಕಡಿಮೆ ಇದ್ದರೆ ಅಡಚಣೆಯ ಸಂಶಯ ಬಲವಾಗುತ್ತದೆ. ಆದರೆ ಮೂತ್ರಕೋಶವೇ ಸೋತಿದ್ದರೂ ಧಾರೆ ಸಣ್ಣಗಾಗುತ್ತದೆ. ಕೊಳವೆ ಕಟ್ಟಿದೆಯೋ ಪಂಪು ಸೋತಿದೆಯೋ ಎಂದು ಬೇರ್ಪಡಿಸುವುದು ಮೂತ್ರಕೋಶದ ಒತ್ತಡ ಅಳೆಯುವ ಯೂರೋಡೈನಾಮಿಕ್ಸ್ ಪರೀಕ್ಷೆ. ಅಲ್ಲೂ ಎಂಆರ್‌ಐಗೆ ಪಾತ್ರವಿಲ್ಲ.

ಪಿಎಸ್‌ಎ ವಿಷಯದಲ್ಲಿ ಎರಡು ಎಚ್ಚರ ಬೇಕು. ಮೂತ್ರದ ಸೋಂಕು, ಮೂತ್ರ ಕಟ್ಟಿಕೊಂಡದ್ದು, ಮೂತ್ರ ಹೊರತೆಗೆಯಲು ಕ್ಯಾಥೆಟರ್ ಎಂಬ ಕೊಳವೆ ಹಾಕಿದ್ದು ಇವೆಲ್ಲ ಪಿಎಸ್‌ಎಯನ್ನು ಏರಿಸುತ್ತವೆ. ಸೋಂಕು ವಾಸಿಯಾಗಿ ಸುಮಾರು ಆರು ವಾರ ಕಳೆದ ಮೇಲೆ ಮತ್ತೆ ನೋಡಿಸಿ. ಅಷ್ಟರಲ್ಲಿ ಅಂಕಿ ಇಳಿದರೆ ಎಂಆರ್‌ಐನ ಮಾತೇ ಬರದಿರಬಹುದು. ಎರಡನೆಯದು ಇದಕ್ಕೆ ತದ್ವಿರುದ್ಧ. ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆಯನ್ನು ಆರು ತಿಂಗಳಿಗೂ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ 3 ಎಂದು ಬಂದರೆ ಅದನ್ನು 6 ಎಂದೇ ಎಣಿಸಬೇಕು. ಕೂದಲು ಉದುರುವುದಕ್ಕೆ ಎಂದು ಫಿನಾಸ್ಟರೈಡ್ ನುಂಗುತ್ತಿರುವವರೂ ಇದನ್ನು ಹೇಳಲೇಬೇಕು.

ಹಂತ 3: ಪ್ರಶ್ನೆ ಯಾವುದು?

ವಯಸ್ಸಿನ ಜೊತೆ ಪ್ರಾಸ್ಟೇಟ್ ಬೆಳೆಯುವುದನ್ನು ವೈದ್ಯರು ಬಿಪಿಎಚ್ ಎನ್ನುತ್ತಾರೆ. ಅದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಾಗಿ ಬದಲಾಗುವುದೂ ಇಲ್ಲ. ಆದರೆ ಎರಡೂ ಒಂದೇ ಗ್ರಂಥಿಯಲ್ಲಿ ಅಕ್ಕಪಕ್ಕ ಇರಬಹುದು. ಎಂಆರ್‌ಐಗೆ ಬಲವಾದ ಕಾರಣ ಸಿಗುವುದು ಇಲ್ಲಿಯೇ. ಪಿಎಸ್‌ಎ ಏರಿದೆ, ಗ್ರಂಥಿಯೂ ದೊಡ್ಡದಾಗಿದೆ. ಏರಿಕೆ ಬರೀ ಗಾತ್ರದಿಂದಲೋ ಅಥವಾ ಒಳಗೆ ಬೇರೇನಾದರೂ ಇದೆಯೋ? ಬೆರಳಿಗೆ ಗಟ್ಟಿ ಗಂಟು ಸಿಕ್ಕಿದ್ದರೂ ಇದೇ ಪ್ರಶ್ನೆ.

ಈ ಪ್ರಶ್ನೆಗೆ ಎಂಆರ್‌ಐ ಎಷ್ಟು ನೆರವಾಗುತ್ತದೆ ಎಂಬುದಕ್ಕೆ 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಾಮಿಸ್ ಅಧ್ಯಯನ ಒಳ್ಳೆಯ ಅಳತೆಗೋಲು. 576 ಗಂಡಸರಿಗೆ ಎಂಆರ್‌ಐ, ಅಲ್ಟ್ರಾಸೌಂಡ್ ನೆರವಿನ ಮಾಮೂಲಿ ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದು), ಜೊತೆಗೆ ಇವೆರಡನ್ನೂ ಒರೆಗೆ ಹಚ್ಚಲು ಐದೈದು ಮಿ.ಮೀ. ಅಂತರದಲ್ಲಿ ಸೂಜಿ ಹಾಕಿ ತೆಗೆದ ವಿವರವಾದ ಬಯಾಪ್ಸಿ ಮೂರನ್ನೂ ಮಾಡಿದರು. ಗಂಭೀರ ಕ್ಯಾನ್ಸರ್ ಇದ್ದವರಲ್ಲಿ ನೂರಕ್ಕೆ 93 ಜನರನ್ನು ಎಂಆರ್‌ಐ ಗುರುತಿಸಿತು. ಮಾಮೂಲಿ ಬಯಾಪ್ಸಿ ಗುರುತಿಸಿದ್ದು 48 ಮಾತ್ರ. ಆದರೆ ಗಂಭೀರ ಕ್ಯಾನ್ಸರ್ ಇಲ್ಲದವರಲ್ಲಿ ಎಂಆರ್‌ಐ ಸರಿಯಾಗಿ ‘ಇಲ್ಲ’ ಎಂದದ್ದು ನೂರಕ್ಕೆ 41ರಷ್ಟು ಸಲ ಮಾತ್ರ. ಹಾಗಾಗಿ ಅದು ಸಂಶಯ ತೋರಿಸಿದೊಡನೆ ಎದೆ ಒಡೆದುಕೊಳ್ಳಬೇಕಿಲ್ಲ.

ಎರಡನೆಯ ಕಾರಣ ಶಸ್ತ್ರಚಿಕಿತ್ಸೆಯ ತಯಾರಿ. ಯಾವ ವಿಧಾನ ಎಂಬುದನ್ನು ಗ್ರಂಥಿಯ ಗಾತ್ರ ಮತ್ತು ಆಕಾರವೇ ಬಹುಪಾಲು ತೀರ್ಮಾನಿಸುತ್ತವೆ. ಇದಕ್ಕೆ ಅಲ್ಟ್ರಾಸೌಂಡ್ ಸಾಕಾಗುವುದೇ ಹೆಚ್ಚು. ಗ್ರಂಥಿ ತೀರ ದೊಡ್ಡದಾಗಿದ್ದರೆ ಅಥವಾ ಆಕಾರ ವಿಚಿತ್ರವಾಗಿದ್ದರೆ ಎಂಆರ್‌ಐ ಖಚಿತತೆ ಕೊಡುತ್ತದೆ. ಬೇರೆ ಕಾರಣಕ್ಕೆ ಮಾಡಿಸಿದ ಸೊಂಟದ ಎಂಆರ್‌ಐ ಅಥವಾ ಸಿ.ಟಿ. ಸ್ಕ್ಯಾನ್ ಹತ್ತಿರದಲ್ಲೇ ಆಗಿದ್ದರೆ ಗಾತ್ರವನ್ನು ಅದರಿಂದಲೇ ಅಳೆಯಬಹುದು. ಹಳೆಯ ಸಿ.ಡಿ. ಹುಡುಕಿ ತೆಗೆಯಿರಿ.

ಮೂತ್ರದ ತೊಂದರೆ ಸೌಮ್ಯವಾಗಿದೆ, ಪಿಎಸ್‌ಎ ಸರಿಯಿದೆ, ಬೆರಳಿನ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದಾದರೆ ಎಂಆರ್‌ಐ ಬೇಡ. ಮೂತ್ರನಾಳ ಕಿರಿದಾಗಿರುವ ಸಂಶಯಕ್ಕೂ ಇದು ಸರಿಯಾದ ಪರೀಕ್ಷೆಯಲ್ಲ.

ಹಂತ 4: ಸ್ಕ್ಯಾನಿಗೆ ಮೊದಲು ಹೇಳಬೇಕಾದದ್ದು

ದೇಹದೊಳಗಿನ ಲೋಹದ ವಿಷಯವನ್ನು ಎಲ್ಲ ಕಡೆ ಕೇಳುತ್ತಾರೆ: ಪೇಸ್‌ಮೇಕರ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಕಾಕ್ಲಿಯರ್ ಸಾಧನ, ಕಣ್ಣಿಗೆ ಸಿಡಿದ ಕಬ್ಬಿಣದ ಚೂರು. ಪೇಸ್‌ಮೇಕರ್ ಇದ್ದರೆ ಅದರ ಕಾರ್ಡ್ ತನ್ನಿ. ಎಂಆರ್‌ಐಗೆ ಹೊಂದುವಂಥವೂ ಇವೆ. ಸೊಂಟದ ಕೀಲು ಬದಲಿಸಿದ್ದರೆ ಸಾಮಾನ್ಯವಾಗಿ ಅಪಾಯವಿಲ್ಲ, ಆದರೆ ಲೋಹ ಪ್ರಾಸ್ಟೇಟಿನ ಪಕ್ಕದಲ್ಲೇ ಇರುವುದರಿಂದ ಚಿತ್ರ ಕೆಡುತ್ತದೆ. ಮುಂಚೆಯೇ ಹೇಳಿದರೆ ಚಿತ್ರ ತೆಗೆಯುವ ಕ್ರಮವನ್ನು ಅದಕ್ಕೆ ತಕ್ಕಂತೆ ಬದಲಿಸುತ್ತಾರೆ.

ಮೂತ್ರದ ತೊಂದರೆ ಇರುವವರು ವಿಶೇಷವಾಗಿ ಹೇಳಬೇಕಾದ, ಆದರೆ ಯಾರೂ ಕೇಳದೆ ಬಿಟ್ಟುಬಿಡಬಹುದಾದ ಸಂಗತಿಗಳು ಕೆಲವಿವೆ.

ಕರುಳಿನ ಚಲನೆ ಚಿತ್ರವನ್ನು ಮಸುಕಾಗಿಸುತ್ತದೆ ಎಂದು ಕೆಲವು ಕಡೆ ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ ಎಂಬ ಚುಚ್ಚುಮದ್ದು ಕೊಡುತ್ತಾರೆ. ಅದು ಕರುಳಿನ ಜೊತೆ ಮೂತ್ರಕೋಶದ ಸ್ನಾಯುವನ್ನೂ ಸಡಿಲಿಸುತ್ತದೆ. ಮೊದಲೇ ಕಷ್ಟದಿಂದ ಮೂತ್ರ ಮಾಡುವವರಿಗೆ ಅದರಿಂದ ಮೂತ್ರ ಕಟ್ಟಬಹುದು. ಕೋನ ಮುಚ್ಚಿದ ಬಗೆಯ ಗ್ಲಾಕೋಮಾ ಇದ್ದವರ ಕಣ್ಣಿಗೂ ಅದು ಒಳ್ಳೆಯದಲ್ಲ. ಚುಚ್ಚುವ ಮೊದಲೇ “ನನಗೆ ಹಿಂದೆ ಒಮ್ಮೆ ಮೂತ್ರ ಕಟ್ಟಿತ್ತು” ಎಂದು ಬಾಯಿಬಿಟ್ಟು ಹೇಳಿ. ಪ್ರಾಸ್ಟೇಟ್ ಸ್ಕ್ಯಾನಿಗೆ ಬಂದವರಿಗೆ ಮೂತ್ರದ ತೊಂದರೆ ಇದ್ದೇ ಇರುತ್ತದೆ, ಅವರಿಗೆ ಗೊತ್ತಿರುತ್ತದೆ ಎಂದು ಸುಮ್ಮನಿರಬೇಡಿ.

ಕ್ಯಾಥೆಟರ್ ಹಾಕಿದ್ದರೆ ಅದರೊಂದಿಗೇ ಸ್ಕ್ಯಾನ್ ಮಾಡಬಹುದು. ಆದರೆ ಉಷ್ಣಾಂಶ ಅಳೆಯುವ ತಂತಿ ಇರುವ ಕ್ಯಾಥೆಟರುಗಳಿವೆ. ಅವು ಯಂತ್ರದೊಳಗೆ ಬಿಸಿಯಾಗಿ ಸುಡಬಹುದು. ಆಸ್ಪತ್ರೆಯಲ್ಲಿ ದಾಖಲಾಗಿದ್ದಾಗ ಹಾಕಿದ ಕ್ಯಾಥೆಟರ್ ಎಂದಾದರೆ ಯಾವ ಬಗೆಯದು ಎಂದು ಕೇಳಿಕೊಳ್ಳಿ.

ಬಯಾಪ್ಸಿ ಆಗಿದ್ದರೆ ದಿನಾಂಕ ಹೇಳಿ. ಸೂಜಿ ಹಾಕಿದಲ್ಲಿ ಉಳಿದ ರಕ್ತ ಚಿತ್ರದಲ್ಲಿ ಕ್ಯಾನ್ಸರಿನಂತೆಯೇ ಕಂಡು ಗೊಂದಲವಾಗುತ್ತದೆ. ಕನಿಷ್ಠ ಆರು ವಾರ ಬಿಡುವುದು ವಾಡಿಕೆ. ಇದೇ ಕಾರಣಕ್ಕೆ, ಸಂಶಯವಿದ್ದರೆ ಎಂಆರ್‌ಐ ಮೊದಲು, ಬಯಾಪ್ಸಿ ನಂತರ ಎಂಬ ಕ್ರಮವೇ ಒಳ್ಳೆಯದು.

ಚಿತ್ರದಲ್ಲಿ ಕೆಲವು ಭಾಗಗಳು ಎದ್ದು ಕಾಣಲೆಂದು ಕೊಡುವ ಗ್ಯಾಡೋಲಿನಿಯಂ ಚುಚ್ಚುಮದ್ದು ಬೇಕೇ ಎಂದು ಕೇಳಿ. ಗಾತ್ರ ಅಳೆಯುವುದಕ್ಕಷ್ಟೇ ಆದರೆ ಬೇಡ. ಕ್ಯಾನ್ಸರ್ ಹುಡುಕಲು ಕೆಲವು ಕಡೆ ಬಳಸುತ್ತಾರೆ, ಕೆಲವು ಕಡೆ ಬಿಟ್ಟಿದ್ದಾರೆ. ಇದು ಸಿ.ಟಿ. ಸ್ಕ್ಯಾನಿಗೆ ಕೊಡುವ ಅಯೋಡಿನ್ ಔಷಧಿಯಲ್ಲ. ಆದರೂ ಬಹಳ ಕಾಲ ಮೂತ್ರ ಕಟ್ಟಿ ಕಿಡ್ನಿ ಸೊರಗಿದ್ದರೆ ಅದರ ಕೆಲಸ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ಕೈಯಲ್ಲಿರಲಿ. ಕಿಡ್ನಿಯ ಶುದ್ಧೀಕರಣ ಶಕ್ತಿ (ವರದಿಯಲ್ಲಿ eGFR) 30ಕ್ಕಿಂತ ಕೆಳಗಿದ್ದರೆ ಕೊಡಬೇಕೇ, ಯಾವ ಬಗೆಯದನ್ನು ಕೊಡಬೇಕು ಎಂದು ವೈದ್ಯರು ಯೋಚಿಸಿಯೇ ಮುಂದುವರಿಯುತ್ತಾರೆ.

ಮುಚ್ಚಿದ ಜಾಗದ ಭಯವಿದ್ದರೆ ಅದನ್ನೂ ಮುಂಚಿತವಾಗಿ ತಿಳಿಸಿ. ಹಲವು ಯಂತ್ರಗಳಲ್ಲಿ ಕಾಲು ಮೊದಲು ಒಳಗೆ ಹೋಗುವಂತೆ ಮಲಗಿಸಬಹುದು, ಆಗ ತಲೆ ಕೊಳವೆಯ ಬಾಯಿಯ ಹತ್ತಿರವೇ ಇರುತ್ತದೆ.

ಹಂತ 5: ಸ್ಕ್ಯಾನಿನ ದಿನ

ಎರಡು ಕೆಲಸ ಮರೆಯಬೇಡಿ. ಮಲವಿಸರ್ಜನೆ ಮಾಡಿಕೊಂಡು ಹೋಗಿ. ಗುದನಾಳ ಪ್ರಾಸ್ಟೇಟಿನ ಬೆನ್ನಿಗೇ ಅಂಟಿಕೊಂಡಿದೆ. ಅದರಲ್ಲಿ ಗಾಳಿ ತುಂಬಿದ್ದರೆ ಚಿತ್ರ ಸೊಟ್ಟಗಾಗುತ್ತದೆ, ಅದೂ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವ ಹಿಂಭಾಗದಲ್ಲೇ. ಕೆಲವು ಕಡೆ ಇದಕ್ಕಾಗಿ ಎನಿಮಾ ಕೊಡುತ್ತಾರೆ. ಮೂರು ದಿನ ವೀರ್ಯಸ್ಖಲನ ಬೇಡ ಎಂದೂ ಕೆಲವರು ಹೇಳುತ್ತಾರೆ. ಅದರಿಂದ ದೊಡ್ಡ ವ್ಯತ್ಯಾಸವಾಗುತ್ತದೆ ಎಂದು ನನಗನಿಸುವುದಿಲ್ಲ, ಹೇಳಿದ್ದರೆ ಪಾಲಿಸಿ.

ಎರಡನೆಯದು ಮೂತ್ರ. ಹಾಸಿಗೆ ಏರುವ ಐದು ನಿಮಿಷ ಮೊದಲು ಶೌಚಾಲಯಕ್ಕೆ ಹೋಗಿ ಬನ್ನಿ. ಕಾಯುವ ಕೊಠಡಿಗೆ ಬಂದಾಗ ಒಮ್ಮೆ ಹೋಗಿದ್ದೆ ಎಂದು ಬಿಡಬೇಡಿ, ಅಲ್ಲಿ ಕಾದದ್ದೇ ಮುಕ್ಕಾಲು ಗಂಟೆಯಾಗಿರುತ್ತದೆ. ಸ್ಕ್ಯಾನ್ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಅವಸರದ ತೊಂದರೆ ಇರುವವರಿಗೆ ಇಪ್ಪತ್ತನೆಯ ನಿಮಿಷಕ್ಕೆ ಶುರುವಾಗುವ ಒತ್ತಡ ಯಂತ್ರದ ಬಡಿತಕ್ಕಿಂತ ದೊಡ್ಡ ಹಿಂಸೆ. ಹೊಟ್ಟೆಯ ಕೆಳಗೆ ಕಾಯಿಲ್ ಎಂಬ ಹಗುರ ಚಪ್ಪಡಿಯಂಥದ್ದನ್ನು ಕಟ್ಟಿರುತ್ತಾರೆ, ಅದು ಬೇರೆ ಮೂತ್ರಕೋಶದ ಮೇಲೇ ಕೂತಂತಿರುತ್ತದೆ. ಕೈಯಲ್ಲಿ ಕೊಟ್ಟ ರಬ್ಬರ್ ಉಂಡೆಯನ್ನು ಒತ್ತಿದರೆ ತಂತ್ರಜ್ಞರು ಮಾತಾಡುತ್ತಾರೆ. ಒಂದು ಸರಣಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಶಬ್ದ ನಿಲ್ಲುತ್ತದೆ. ಸಾಧ್ಯವಾದರೆ ಆಗ ಒತ್ತಿ, ಆಗ ಹಾಳಾಗುವ ಚಿತ್ರ ಇರುವುದಿಲ್ಲ. ನಡುವೆ ಎದ್ದುಹೋಗಬೇಕಾಗಿ ಬಂದರೆ ಅದು ಅಪರಾಧವಲ್ಲ. ಹಲ್ಲು ಕಚ್ಚಿಕೊಂಡು ಸೊಂಟ ಅಲುಗಾಡಿಸುತ್ತಾ ಮಲಗಿದರೆ ಅಷ್ಟೂ ಚಿತ್ರ ಮಸುಕಾಗಿ ಇನ್ನೊಂದು ದಿನ ಬರಬೇಕಾದೀತು.

ಯಂತ್ರದ ಕಾಂತದ ಬಲ 1.5 ಟೆಸ್ಲಾ ಇರಲಿ, 3 ಟೆಸ್ಲಾ ಇರಲಿ, ಸರಿಯಾಗಿ ಮಾಡಿದರೆ ಎರಡೂ ಆಗುತ್ತವೆ. ಪ್ರಾಸ್ಟೇಟ್ ಚಿತ್ರ ಓದುವ ಅನುಭವವಿರುವ ರೇಡಿಯಾಲಜಿಸ್ಟ್ ಇದ್ದಾರೆಯೇ ಎಂದು ಕೇಳುವುದು ಯಂತ್ರದ ಅಂಕಿ ಕೇಳುವುದಕ್ಕಿಂತ ಒಳ್ಳೆಯದು.

ಹಂತ 6: ವರದಿ ಓದುವುದು

ವರದಿಯ ಕೊನೆಯ ಸಾಲಿಗೆ ನೇರ ಹಾರುವುದು ಎಲ್ಲರ ಅಭ್ಯಾಸ. ಸ್ವಲ್ಪ ತಾಳಿ, ಮೇಲಿನಿಂದ ಬನ್ನಿ.

ಗಾತ್ರ. ಮೂರು ಅಳತೆಗಳಿರುತ್ತವೆ, ಉದಾಹರಣೆಗೆ 5.2 × 4.6 × 5.0 ಸೆಂ.ಮೀ. ಮೂರನ್ನೂ ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಿ. 119.6 × 0.52, ಅಂದರೆ ಸುಮಾರು 62 ಮಿ.ಲೀ. ಯುವಕರಲ್ಲಿ ಇದು 20–25 ಮಿ.ಲೀ. ಇರುತ್ತದೆ. ಮಿ.ಲೀ., ಸಿ.ಸಿ., ಗ್ರಾಂ ಮೂರನ್ನೂ ಇಲ್ಲಿ ಒಂದೇ ಎಂದು ತಿಳಿದರೆ ತಪ್ಪಿಲ್ಲ. ಕಳೆದ ವರ್ಷದ ಅಲ್ಟ್ರಾಸೌಂಡಿನಲ್ಲಿ 48 ಇತ್ತು, ಈಗ ಎಂಆರ್‌ಐಯಲ್ಲಿ 62, ಒಂದೇ ವರ್ಷಕ್ಕೆ ಇಷ್ಟು ಬೆಳೆಯಿತೇ ಎಂದು ಗಾಬರಿಯಾಗಬೇಡಿ. ಹೊಟ್ಟೆಯ ಮೇಲಿನಿಂದ ಅಳೆದ ಅಲ್ಟ್ರಾಸೌಂಡಿನ ಅಂಕಿ ಅಳೆಯುವವರ ಕೈ ಮತ್ತು ಮೂತ್ರಕೋಶ ಎಷ್ಟು ತುಂಬಿತ್ತು ಎಂಬುದರ ಮೇಲೆ ಆಚೀಚೆ ಆಗುತ್ತದೆ. ಎರಡು ಬೇರೆ ತಕ್ಕಡಿಗಳ ತೂಕವನ್ನು ಹೋಲಿಸಿದಂತೆ ಅದು.

ಈಗ ಪಿಎಸ್‌ಎಯನ್ನು ಈ ಗಾತ್ರದಿಂದ ಭಾಗಿಸಿ. ಪಿಎಸ್‌ಎ 6.2 ಇದ್ದರೆ, 62ರಿಂದ ಭಾಗಿಸಿದಾಗ 0.10. ಇದೇ ಪಿಎಸ್‌ಎ ಸಾಂದ್ರತೆ. ಅದೇ 6.2 ಪಿಎಸ್‌ಎ 28 ಮಿ.ಲೀ. ಗ್ರಂಥಿಯಿಂದ ಬಂದಿದ್ದರೆ 0.22. ಸಾಮಾನ್ಯವಾಗಿ 0.15ನ್ನು ಗಡಿಯಾಗಿ ಬಳಸುತ್ತಾರೆ. ಅದಕ್ಕಿಂತ ಕೆಳಗಿದ್ದರೆ ಏರಿಕೆಯನ್ನು ಗಾತ್ರದ ಲೆಕ್ಕಕ್ಕೆ ಹಾಕಬಹುದು, ಮೇಲಿದ್ದರೆ ಎಚ್ಚರ. ರಕ್ತಪರೀಕ್ಷೆಯ ಅಂಕಿ ಒಂದೇ, ಅರ್ಥ ಎರಡು. ದೊಡ್ಡ ಪ್ರಾಸ್ಟೇಟ್ ಇರುವವರಿಗೆ ಎಂಆರ್‌ಐಯಿಂದ ಸಿಗುವ ದೊಡ್ಡ ಲಾಭಗಳಲ್ಲಿ ಇದೊಂದು.

ಆಕಾರ. ಮೂತ್ರದ ತೊಂದರೆಯ ಮಟ್ಟಿಗೆ ನಾನು ಮೊದಲು ಹುಡುಕುವುದು ಈ ಸಾಲನ್ನು: ಪ್ರಾಸ್ಟೇಟಿನ ಮಧ್ಯದ ಹಾಲೆ ಮೂತ್ರಕೋಶದೊಳಗೆ ಚಾಚಿಕೊಂಡಿದೆಯೇ, ಎಷ್ಟು ಮಿ.ಮೀ.? ಐದಕ್ಕಿಂತ ಕಡಿಮೆ ಇದ್ದರೆ ಒಂದನೇ ದರ್ಜೆ, 5ರಿಂದ 10 ಎರಡನೆಯದು, 10 ದಾಟಿದರೆ ಮೂರನೆಯದು. ಹೀಗೆ ಚಾಚಿದ ಭಾಗ ಮೂತ್ರ ಹೊರಡುವ ಬಾಯಿಗೆ ಬಿರಡೆಯಂತೆ ಕೂರುತ್ತದೆ. ಮುಕ್ಕಿದಷ್ಟೂ ಇನ್ನೂ ಗಟ್ಟಿಯಾಗಿ ಕೂರುತ್ತದೆ. 35 ಮಿ.ಲೀ. ಗ್ರಂಥಿಯಾದರೂ 12 ಮಿ.ಮೀ. ಚಾಚಿದ್ದರೆ ಪಕ್ಕಕ್ಕೆ ಬೆಳೆದ 80 ಮಿ.ಲೀ. ಗ್ರಂಥಿಗಿಂತ ಹೆಚ್ಚು ಕಾಡಬಹುದು. ವರದಿಯಲ್ಲಿ ಈ ಅಳತೆ ಇಲ್ಲದಿದ್ದರೆ ಬರೆಸಿಕೊಳ್ಳಿ. ಚಿತ್ರದಲ್ಲಿ ಅದು ಇದ್ದೇ ಇರುತ್ತದೆ, ಅಳೆಯಲು ಎರಡು ನಿಮಿಷ ಸಾಕು.

ಮೂತ್ರಕೋಶ. ಬಹಳ ಕಾಲ ಅಡಚಣೆಯ ವಿರುದ್ಧ ದುಡಿದ ಮೂತ್ರಕೋಶದ ಗೋಡೆ ದಪ್ಪವಾಗಿ, ಒಳಗೆ ಹುರಿಗಟ್ಟಿದಂತೆ ಕಾಣುತ್ತದೆ. ಹೊರಗೆ ಚೀಲಗಳು ಉಬ್ಬಿರಬಹುದು, ಕಲ್ಲುಗಳಿರಬಹುದು. ಒಂದು ಮಾತು ನೆನಪಿರಲಿ: ಮೂತ್ರಕೋಶ ಖಾಲಿಯಿದ್ದರೆ ಸರಿಯಿರುವ ಗೋಡೆಯೂ ದಪ್ಪವಾಗಿಯೇ ಕಾಣುತ್ತದೆ. ಸ್ಕ್ಯಾನಿಗೆ ಮೊದಲು ಮೂತ್ರ ಮಾಡಿ ಬನ್ನಿ ಎಂದು ಮೇಲೆ ಹೇಳಿದೆನಲ್ಲ, ಹಾಗೆ ಬಂದವರಲ್ಲಿ ‘ಗೋಡೆ ದಪ್ಪ’ ಎಂಬ ಒಂದೇ ಸಾಲಿಗೆ ಹೆಚ್ಚು ಬೆಲೆ ಕೊಡಬಾರದು. ಕಿಡ್ನಿಗಳು ಪ್ರಾಸ್ಟೇಟ್ ಎಂಆರ್‌ಐಯ ಚೌಕಟ್ಟಿನಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. ಅವು ಊದಿವೆಯೇ ಎಂದು ತಿಳಿಯಲು ಅಲ್ಟ್ರಾಸೌಂಡೇ ಬೇಕು.

ಪೈ-ರಾಡ್ಸ್ ಅಂಕ. ಎಲ್ಲರ ಎದೆ ಬಡಿಸುವ ಸಾಲು ಇದು. ಗಂಭೀರ ಕ್ಯಾನ್ಸರ್ ಇರುವ ಸಾಧ್ಯತೆಯನ್ನು 1ರಿಂದ 5ರವರೆಗೆ ಹೇಳುತ್ತದೆ. ಈಗ ಬಳಕೆಯಲ್ಲಿರುವುದು 2019ರ 2.1 ಆವೃತ್ತಿ. 1 ಎಂದರೆ ಸಾಧ್ಯತೆ ತೀರ ಕಡಿಮೆ, 2 ಕಡಿಮೆ, 3 ಹೌದು ಅಲ್ಲ ಹೇಳಲಾಗದ ಸ್ಥಿತಿ, 4 ಹೆಚ್ಚು, 5 ತೀರ ಹೆಚ್ಚು. ಮೂತ್ರ ಎಷ್ಟು ಕಷ್ಟ ಎಂಬುದಕ್ಕೂ ಈ ಅಂಕಕ್ಕೂ ಸಂಬಂಧವಿಲ್ಲ. ಇದು ರೋಗನಿರ್ಣಯವೂ ಅಲ್ಲ, ಮುಂದಿನ ಹೆಜ್ಜೆಗೆ ಸೂಚನೆ ಅಷ್ಟೆ. 4 ಅಥವಾ 5 ಬಂದರೆ ಆ ಜಾಗಕ್ಕೇ ಗುರಿಯಿಟ್ಟು ಬಯಾಪ್ಸಿ ಮಾಡಲು ಹೇಳುತ್ತಾರೆ. 3 ಬಂದಾಗ ಪಿಎಸ್‌ಎ ಸಾಂದ್ರತೆ, ವಯಸ್ಸು, ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. 1 ಅಥವಾ 2 ಬಂದರೂ ಪಿಎಸ್‌ಎಯನ್ನು ಕಾಲಕಾಲಕ್ಕೆ ನೋಡಿಸುತ್ತಿರಬೇಕು.

ದೊಡ್ಡ ಪ್ರಾಸ್ಟೇಟಿನಲ್ಲಿ 3 ಏಕೆ ಆಗಾಗ ಬರುತ್ತದೆ ಎಂದು ತಿಳಿದಿದ್ದರೆ ಆತಂಕ ಸ್ವಲ್ಪ ತಗ್ಗುತ್ತದೆ. ಬಿಪಿಎಚ್ ಬೆಳೆಯುವುದು ಮೂತ್ರನಾಳವನ್ನು ಸುತ್ತಿಕೊಂಡ ಒಳವಲಯದಲ್ಲಿ. ಕ್ಯಾನ್ಸರ್ ಸುಮಾರು ನೂರಕ್ಕೆ 70ರಷ್ಟು ಸಲ ಹುಟ್ಟುವುದು ಹೊರವಲಯದಲ್ಲಿ. ಟಿ2 ಎಂಬ ಸರಣಿಯ ಚಿತ್ರದಲ್ಲಿ ಬೆಳೆದ ಒಳವಲಯ ಬೆಳಕು, ಕತ್ತಲೆಯ ಉಂಡೆಗಳನ್ನು ಒತ್ತೊತ್ತಾಗಿ ತುಂಬಿದಂತಿರುತ್ತದೆ. ಪ್ರತಿ ಉಂಡೆಗೂ ತೆಳುವಾದ ಕಪ್ಪು ಅಂಚು. ಗ್ರಂಥಿಯ ಅಂಶ ಹೆಚ್ಚಿರುವ ಉಂಡೆ ಬೆಳ್ಳಗೆ, ನಾರಿನ ಅಂಶ ಹೆಚ್ಚಿರುವುದು ಕಪ್ಪಗೆ. ಅಂಚು ಸುತ್ತಲೂ ಪೂರ್ತಿಯಾಗಿದ್ದರೆ ನಿಶ್ಚಿಂತೆ. ಈ ವಲಯದಲ್ಲಿ ಕ್ಯಾನ್ಸರ್ ಇದ್ದರೆ ಇದ್ದಿಲಿನಲ್ಲಿ ಬರೆದು ಬೆರಳಿನಿಂದ ಉಜ್ಜಿದಂತೆ, ಅಂಚಿಲ್ಲದ ಬೂದು ಕಪ್ಪು ಮಚ್ಚೆ. ಅಂಚು ಅರೆಬರೆಯಾಗಿರುವ ನಾರಿನ ಉಂಡೆ ಇವೆರಡರ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಹಳೆಯ ಉರಿಯೂತವೂ ಹೊರವಲಯದಲ್ಲಿ ಕಪ್ಪು ಗೀರುಗಳಾಗಿ ಉಳಿದು ಇದೇ ರೀತಿ ಗೊಂದಲ ಹುಟ್ಟಿಸುತ್ತದೆ.

ಹಂತ 7: ವರದಿಯೊಂದಿಗೆ ಮೂತ್ರರೋಗ ತಜ್ಞರ ಮುಂದೆ

ಕ್ಯಾನ್ಸರಿನ ಪ್ರಶ್ನೆ ಬಗೆಹರಿದ ಮೇಲೆ ಮಾತು ಮತ್ತೆ ಮೂತ್ರದ ತೊಂದರೆಗೆ ಬರಬೇಕು. ಎಷ್ಟೋ ಜನ “ಕ್ಯಾನ್ಸರ್ ಇಲ್ಲವಂತೆ” ಎಂಬ ಖುಷಿಯಲ್ಲಿ ಎದ್ದು ಬಂದುಬಿಡುತ್ತಾರೆ. ಬಂದದ್ದು ಯಾತಕ್ಕೆ ಎಂಬುದು ರಾತ್ರಿ ಮತ್ತೆ ಎದ್ದಾಗ ನೆನಪಾಗುತ್ತದೆ.

ಟಾಮ್ಸುಲೋಸಿನ್ ಬಗೆಯ ಮಾತ್ರೆಗಳು ಪ್ರಾಸ್ಟೇಟಿನ ಸ್ನಾಯುವನ್ನು ಸಡಿಲಿಸುತ್ತವೆ, ಗಾತ್ರವನ್ನು ಮುಟ್ಟುವುದಿಲ್ಲ. ಇವಕ್ಕೆ ಎಂಆರ್‌ಐಯ ಅಂಕಿ ಬೇಕಿಲ್ಲ. ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಗ್ರಂಥಿಯನ್ನು ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಸುಮಾರು ಐದನೇ ಒಂದರಿಂದ ನಾಲ್ಕನೇ ಒಂದು ಪಾಲಿನಷ್ಟು ಕುಗ್ಗಿಸುತ್ತವೆ. ಗ್ರಂಥಿ ದೊಡ್ಡದಿದ್ದರೆ ಮಾತ್ರ ಅವುಗಳಿಂದ ಪ್ರಯೋಜನ. ಯೂರೋಪಿನ ಮಾರ್ಗಸೂಚಿ 40 ಮಿ.ಲೀ. ಮೇಲಿದ್ದರೆ ಎನ್ನುತ್ತದೆ.

ಶಸ್ತ್ರಚಿಕಿತ್ಸೆಯಾದರೆ ಗಾತ್ರದ ಲೆಕ್ಕ ಇನ್ನೂ ನೇರ. 30 ಮಿ.ಲೀ.ಗಿಂತ ಚಿಕ್ಕದಿದ್ದು ಮಧ್ಯದ ಹಾಲೆ ಇಲ್ಲದಿದ್ದರೆ ಬರೀ ಒಂದೆರಡು ಸೀಳು ಹಾಕಿ ದಾರಿ ಬಿಡಿಸಬಹುದು. 30ರಿಂದ 80ರವರೆಗೆ ಮೂತ್ರನಾಳದ ಮೂಲಕ ಕೆರೆದು ತೆಗೆಯುವ ಟಿಯುಆರ್‌ಪಿ ಹಳೆಯ, ಪಳಗಿದ ವಿಧಾನ. ಅದಕ್ಕಿಂತ ದೊಡ್ಡದಕ್ಕೆ ಲೇಸರಿನಿಂದ ಒಳಭಾಗವನ್ನು ಬಿಡಿಸಿ ತೆಗೆಯುವ ಹೋಲೆಪ್ ಅಥವಾ ಹೊಟ್ಟೆಯ ಮೂಲಕ ಮಾಡುವ ಶಸ್ತ್ರಚಿಕಿತ್ಸೆ. ಹೋಲೆಪ್‌ಗೆ ಗಾತ್ರದ ಮಿತಿಯಿಲ್ಲ, ಅದನ್ನು ಕಲಿತ ಕೈ ಬೇಕು. ಚಿಕ್ಕ ಕೊಕ್ಕೆಗಳಿಂದ ಪಕ್ಕದ ಹಾಲೆಗಳನ್ನು ಎಳೆದು ಕಟ್ಟುವ ಯೂರೋಲಿಫ್ಟ್ ಬಗ್ಗೆ ಯೋಚಿಸುತ್ತಿದ್ದರೆ ಮಧ್ಯದ ಹಾಲೆಯ ಮಾತನ್ನು ಮೊದಲು ಎತ್ತಿ. ಆ ಕೊಕ್ಕೆಗಳು ಲೋಹದವು, ಆಮೇಲೆ ತೆಗೆಯುವ ಎಂಆರ್‌ಐಯಲ್ಲಿ ಅವುಗಳ ಸುತ್ತ ಚಿತ್ರ ಕೆಡುತ್ತದೆ. ಪಿಎಸ್‌ಎ ಬಗ್ಗೆ ಸಂಶಯವಿದ್ದರೆ ಸ್ಕ್ಯಾನ್ ಮುಗಿಸಿಕೊಂಡೇ ಅದಕ್ಕೆ ಹೋಗುವುದು ಜಾಣತನ.

ತಜ್ಞರನ್ನು ಕೇಳಬೇಕಾದದ್ದು ಇಷ್ಟು: ಈ ಚಿತ್ರದಲ್ಲಿರುವ ಆಕಾರಕ್ಕೂ ನನ್ನ ದಿನಚರಿಯ ಅಂಕಿಗಳಿಗೂ ತಾಳೆಯಾಗುತ್ತದೆಯೇ? ಆಗದಿದ್ದರೆ ಯೂರೋಡೈನಾಮಿಕ್ಸ್ ಮಾಡಿಸಬೇಕೇ? ನೀವು ಹೇಳುತ್ತಿರುವ ವಿಧಾನ ನನ್ನ ಗ್ರಂಥಿಯ ಗಾತ್ರಕ್ಕೆ ಹೊಂದುವುದೇ, ಅಥವಾ ಇಲ್ಲಿ ಲಭ್ಯವಿರುವುದು ಅದೊಂದೇ ಎಂದೇ? ಕೊನೆಯ ಪ್ರಶ್ನೆ ಕೇಳಲು ಸ್ವಲ್ಪ ಧೈರ್ಯ ಬೇಕು, ಆದರೆ ಒಳ್ಳೆಯ ವೈದ್ಯರು ಅದಕ್ಕೆ ಮುನಿಸಿಕೊಳ್ಳುವುದಿಲ್ಲ.

ವರದಿಯ ಕಾಗದದ ಜೊತೆ ಚಿತ್ರಗಳ ಸಿ.ಡಿ. ಅಥವಾ ಡಿಜಿಟಲ್ ಪ್ರತಿಯನ್ನೂ ಕೇಳಿ ಪಡೆಯಿರಿ. ಎರಡನೆಯ ಅಭಿಪ್ರಾಯ ಕೇಳಲು ಹೋದಾಗ ಅವರು ನೋಡಬಯಸುವುದು ಚಿತ್ರವನ್ನೇ. ಮೂತ್ರದ ದಿನಚರಿಯ ಹಾಳೆಗಳನ್ನೂ ಅದೇ ಲಕೋಟೆಯಲ್ಲಿಡಿ. ಆರು ತಿಂಗಳ ನಂತರ ಮಾತ್ರೆ ಕೆಲಸ ಮಾಡಿದೆಯೇ ಎಂದು ತಿಳಿಯಲು ಮತ್ತೆ ಎಂಆರ್‌ಐ ಬೇಕಾಗುವುದಿಲ್ಲ. ಅದೇ ಜಗ್ ಹಿಡಿದು ಇನ್ನೂ ಮೂರು ದಿನ ಬರೆದ ಹೊಸ ಹಾಳೆಯನ್ನು ಹಳೆಯದರ ಪಕ್ಕ ಇಟ್ಟರೆ ಸಾಕು.